ಕ್ರೋಟನ್ ಎಲೆಗೆ ಬಣ್ಣ ಬರಬೇಕೆಂದರೆ

ನರ್ಸರಿಯಿಂದ ತರುವಾಗ ಹಳದಿ, ಕೆಂಪು ಬಣ್ಣದಲ್ಲಿ ಮಿಂಚುತ್ತಿದ್ದ ಕ್ರೋಟನ್ ಕೆಲವೇ ತಿಂಗಳಲ್ಲಿ ಹಸಿರಾಗಿ ಮಂಕಾದರೆ ಹೆಚ್ಚಿನವರು ಗೊಬ್ಬರ ಸುರಿಯುತ್ತಾರೆ. ಗಿಡಕ್ಕೆ ಬೇಕಿರುವುದು ಬಿಸಿಲು. ಯೂರಿಯಾದಂಥ ಸಾರಜನಕ ಹೆಚ್ಚಾದರೆ ಎಳಸು ಹಸಿರೆಲೆಗಳೇ ಹೆಚ್ಚುತ್ತವೆ.

ದಿನಕ್ಕೆ 4ರಿಂದ 6 ಗಂಟೆ ಬಿಸಿಲು ಬೀಳುವ ಜಾಗ ಆರಿಸಿ. ಬೆಳಗಿನ ಬಿಸಿಲಾದರೆ ಬಹಳ ಒಳ್ಳೆಯದು. ಬಯಲುಸೀಮೆಯ ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಎಲೆಯಂಚು ಸುಡುತ್ತದೆ. ನೆರಳುಪರದೆಯಡಿ ಬೆಳೆದ ಗಿಡವನ್ನು ಹತ್ತು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬಿಸಿಲಿಗೆ ಒಗ್ಗಿಸಿ. ಹಲವು ತಳಿಗಳ ಚಿಗುರು ಹಸಿರಾಗಿದ್ದು, ಎಲೆ ಬಲಿತಂತೆ ಕೆಂಪೇರುತ್ತದೆ. ಹಾಗಾಗಿ ಚಿಗುರು ನೋಡಿ ಅವಸರಪಡಬೇಡಿ.

ನೆಡಲು ಮುಂಗಾರಿನ ಆರಂಭ ಒಳ್ಳೆಯ ಕಾಲ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿಗೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿ. ಗಿಡದಿಂದ ಗಿಡಕ್ಕೆ ಎರಡೂವರೆಯಿಂದ ಮೂರು ಅಡಿ ಅಂತರವಿರಲಿ.

ಜಾಗ ಬದಲಾದಾಗ ಕ್ರೋಟನ್ ಕೆಳಗಿನ ಎಲೆಗಳನ್ನು ಉದುರಿಸುತ್ತದೆ. ಅದನ್ನು ಬಾಯಾರಿಕೆಯೆಂದು ತಿಳಿದು ಎರಡು ಹೊತ್ತೂ ನೀರು ಹಾಕಿದರೆ ಬೇರು ಕೊಳೆಯುತ್ತದೆ, ಗಿಡ ಸಾಯುವುದು ಹೆಚ್ಚಾಗಿ ಹೀಗೆಯೇ. ಮೇಲಿನ ಒಂದು ಅಂಗುಲ ಮಣ್ಣು ಒಣಗಿದ ಮೇಲಷ್ಟೇ ನೀರು ಕೊಡಿ.

ಎಲೆಕಂಕುಳಲ್ಲಿ ಬಿಳಿ ಹತ್ತಿಯಂತೆ ಕಂಡರೆ ಅದು ಹಿಟ್ಟು ತಿಗಣೆ. ಎಲೆಯಡಿ ಸಣ್ಣ ಬಲೆ ಕಟ್ಟಿ, ಬಣ್ಣ ಪೇಲವವಾದರೆ ನುಸಿ. ಇದು ಒಣಹವೆಯಲ್ಲಿ ಹೆಚ್ಚು. ಎರಡಕ್ಕೂ ಮೊದಲು ನೀರನ್ನು ರಭಸವಾಗಿ ಹಾಯಿಸಿ ತೊಳೆಯಿರಿ. ಆಮೇಲೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಎಲೆಯಡಿಗೂ ತಾಗುವಂತೆ ಸಿಂಪಡಿಸಿ, ವಾರಕ್ಕೊಮ್ಮೆ, ಮೂರು ಸಲ.

ಬಿಸಿಲಿದ್ದೂ ಒಂದೇ ಕೊಂಬೆ ಪೂರ್ತಿ ಹಸಿರಾಗಿದ್ದರೆ ಅದನ್ನು ಬುಡದಿಂದಲೇ ಕತ್ತರಿಸಿ. ಬಿಟ್ಟರೆ ಅದು ಬಣ್ಣದ ಕೊಂಬೆಗಳಿಗಿಂತ ವೇಗವಾಗಿ ಬೆಳೆದು ಗಿಡವನ್ನೆಲ್ಲ ಮುಚ್ಚುತ್ತದೆ. ಕತ್ತರಿಸಿದಲ್ಲಿ ಒಸರುವ ಹಾಲು ಚರ್ಮಕ್ಕೆ ತುರಿಕೆ ತರುತ್ತದೆ, ಬಟ್ಟೆಗೆ ಕಲೆ ಮಾಡುತ್ತದೆ, ಕೈಗವಸು ಹಾಕಿಕೊಳ್ಳಿ.

ಹೊಸ ಗಿಡಕ್ಕೆ ಬೀಜ ಬೇಡ, ತಾಯಿಗಿಡದ ಬಣ್ಣ ಉಳಿಯುವುದಿಲ್ಲ. ಗೂಟಿ ಕಟ್ಟುವುದೇ, ಅಂದರೆ ಕೊಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸುವುದೇ, ನಂಬಿಕೆಯ ದಾರಿ. ಮಳೆಗಾಲದಲ್ಲಿ ಪೆನ್ಸಿಲ್ ದಪ್ಪದ ಕೊಂಬೆಯಿಂದ ಒಂದು ಅಂಗುಲದಷ್ಟು ತೊಗಟೆಯನ್ನು ಉಂಗುರದಂತೆ ಸುಲಿದು, ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿ ಸುತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಎರಡೂ ತುದಿ ಬಿಗಿಯಾಗಿ ಕಟ್ಟಿ. ಆರರಿಂದ ಎಂಟು ವಾರದಲ್ಲಿ ಹಾಳೆಯೊಳಗೆ ಬಿಳಿ ಬೇರು ತುಂಬಿದ ಮೇಲೆ, ಗಂಟಿನ ಕೆಳಗೆ ಕತ್ತರಿಸಿ, ಹಾಳೆ ಬಿಚ್ಚಿ ಕುಂಡದಲ್ಲಿ ನೆಟ್ಟು, ಎರಡು ವಾರ ನೆರಳಲ್ಲಿಡಿ.