ನಮ್ಮ ಪಂಚಾಯಿತಿಯಲ್ಲಿ ನಾಯಿ ನೋಂದಣಿ ಕೈಗೂಡಿದ ಬಗೆ

ಸಾಕುನಾಯಿಗಳ ನೋಂದಣಿ ಕಡ್ಡಾಯ ಮಾಡೋಣವೆಂದು ನಾನು ಮೊದಲ ಸಲ ಗ್ರಾಮಸಭೆಯಲ್ಲಿ ಹೇಳಿದಾಗ, ಮನೆಕಂದಾಯವೇ ನೆಟ್ಟಗೆ ವಸೂಲಾಗದ ಊರಿನಲ್ಲಿ ನಾಯಿಗೆ ಬಿಲ್ಲೆ ಕಟ್ಟುವವರು ಯಾರು ಎಂದು ಹಿರಿಯ ಸದಸ್ಯರೊಬ್ಬರು ಕೇಳಿದ್ದರು. ಈಗ ವಿರಾಜಪೇಟೆ ತಾಲ್ಲೂಕಿನ ನಮ್ಮ ಪಂಚಾಯಿತಿಯ ಪುಸ್ತಕದಲ್ಲಿ ಸುಮಾರು 410 ನಾಯಿಗಳಿವೆ. ಬೆಳಗಿನ ಐದೂವರೆಗೆ ಬಸ್ ನಿಲ್ದಾಣದಲ್ಲಿ ಮೂವತ್ತರ ಮೇಲೆ ಎಣಿಕೆಗೆ ಸಿಗುತ್ತಿದ್ದ ನಾಯಿಗಳು ಏಳೆಂಟಕ್ಕೆ ಇಳಿದಿವೆ. ನೆರೆಯ ಪಂಚಾಯಿತಿಗಳ ಸದಸ್ಯರೂ ಪಿಡಿಒಗಳೂ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳೂ) ಮೇಲಿಂದ ಮೇಲೆ ಕೇಳುತ್ತಿರುವುದರಿಂದ ನಡೆದದ್ದನ್ನು ಬರೆಯುತ್ತಿದ್ದೇನೆ; ಲೆಕ್ಕಗಳು ನೆನಪಿನಿಂದ ಕೊಟ್ಟವು.

ಮೊದಲ ವರ್ಷ ನಾವು ಮಾಡಿದ್ದು ಶುದ್ಧ ತಪ್ಪು. ಹೊರಗಿನಿಂದ ಬಂದ ತಂಡವೊಂದು ನಾಯಿಗೆ ಸಾವಿರ ರೂಪಾಯಿಯಂತೆ ನಲವತ್ತು ನಾಯಿಗಳನ್ನು ಹಿಡಿದು ಒಯ್ದಿತು. ಎಲ್ಲಿ ಬಿಟ್ಟಿತೆಂಬ ಲೆಕ್ಕ ಕೊಡಲಿಲ್ಲ. ಹಿಡಿದ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸಿ, ಹಿಡಿದ ಜಾಗಕ್ಕೇ ತಂದು ಬಿಡಬೇಕೆಂಬ ನಿಯಮ 2001ರಿಂದಲೂ ಇತ್ತು, 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಲ್ಲೂ ಇದೆ. ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬಂತು. ಅದಕ್ಕಿಂತ ನೋವಾದದ್ದೆಂದರೆ, ಐದು ತಿಂಗಳೊಳಗೆ ಬಸ್ ನಿಲ್ದಾಣದ ಎಣಿಕೆ ಹಿಂದಿನಷ್ಟೇ ಆಯಿತು.

ಎರಡನೆಯ ವರ್ಷ ನಾಯಿಯನ್ನು ಅಡ್ಡಾಡಲು ಬಿಟ್ಟವರಿಗೆ 500 ರೂಪಾಯಿ ದಂಡವೆಂದು ನೋಟಿಸು ಹೊರಡಿಸಿದೆವು. ಒಂದೇ ವಾರದಲ್ಲಿ ಊರಿನ ಯಾರಿಗೂ ನಾಯಿಯೇ ಇಲ್ಲವಾಯಿತು. ವಸೂಲಾದದ್ದು ಒಟ್ಟು 1,500 ರೂಪಾಯಿ. ಅದರ ಬೆನ್ನಿಗೆ ಮರಿಗಳನ್ನು ಚೀಲದಲ್ಲಿ ತುಂಬಿ ಮೀನಿನ ಅಂಗಡಿಯ ಹಿಂದೆ ಬಿಟ್ಟುಹೋಗುವುದು ಹೆಚ್ಚಿತು.

ಒಂದು ಮುಂಜಾನೆ ನಿಲ್ದಾಣದಿಂದ ಹೊರಟ ಒಂದು ಕರಿ ನಾಯಿಯ ಹಿಂದೆ ಟಾರ್ಚ್ ಹಿಡಿದು ನಡೆದೆ. ಕಾಫಿ ತೋಟದ ಒಳದಾರಿಯಲ್ಲಿ ಮುಕ್ಕಾಲು ಮೈಲಿ ಸಾಗಿ ಅದು ತೋಟದ ಕೆಲಸಗಾರರ ಲೈನ್‌ಮನೆಯೊಂದರ ಬಾಗಿಲು ಕೆರೆಯಿತು. ಬಾಗಿಲು ತೆಗೆದ ಹೆಂಗಸು, “ಎಲ್ಲಿಗೆ ಹೋಗಿದ್ಯೋ ಕರಿಯಾ?” ಎಂದು ಗಂಜಿಯ ತಟ್ಟೆ ಇಟ್ಟವಳು, ನನ್ನನ್ನು ಕಂಡೊಡನೆ, “ಇದು ನಮ್ದಲ್ಲ ಸಾರ್, ಸುಮ್ನೆ ಬರುತ್ತೆ” ಎಂದಳು. ಮುಂದಿನ ಹದಿನೈದು ದಿನ ಊರಿಗೆ ನೀರು ಬಿಡುವ ನೀರಗಂಟಿಯೂ ನಾನೂ ಹೀಗೆ ಹಿಂಬಾಲಿಸಿದ ನಾಯಿಗಳಲ್ಲಿ ನಾಲ್ಕರಲ್ಲಿ ಮೂರಕ್ಕೆ ಒಂದಲ್ಲ ಒಂದು ಮನೆಯಿತ್ತು. ಬೀದಿನಾಯಿಯ ಹೊಣೆ ಸ್ಥಳೀಯ ಸಂಸ್ಥೆಯದು, ಸಾಕುನಾಯಿಯ ಲಸಿಕೆ ಮತ್ತು ಸಂತಾನ ನಿಯಂತ್ರಣದ ಹೊಣೆ ಸಾಕಿದವರದು ಎಂದು ನಿಯಮ ಬೇರ್ಪಡಿಸಿ ಹೇಳುತ್ತದೆ. ನಾವು ಆವರೆಗೆ ಎರಡನ್ನೂ ಒಂದೇ ಬಲೆಯಲ್ಲಿ ಹಿಡಿಯಲು ಹೊರಟಿದ್ದೆವು.

ಹಾಗಾಗಿ ಮೂರನೆಯ ವರ್ಷ ದಂಡವನ್ನು ಬದಿಗಿಟ್ಟು, ನೋಂದಣಿಗೆ ಶುಲ್ಕವಿಲ್ಲ, ನೋಂದಾಯಿಸಿದ ನಾಯಿಗೆ ಬೆಲ್ಟ್ ಉಚಿತ, ಹೆಣ್ಣುನಾಯಿಯ ಶಸ್ತ್ರಚಿಕಿತ್ಸೆಯ ಖರ್ಚು ಪಂಚಾಯಿತಿಯದು ಎಂದು ನಿರ್ಣಯ ಮಾಡಿದೆವು. ಮನೆಮನೆಗೆ ಹೋಗುವ ಬದಲು ತೋಟಗಳ ಲೆಕ್ಕ ಬರೆಯುವ ರೈಟರುಗಳನ್ನು ಹಿಡಿದೆವು. ಬಟವಾಡೆಯ ದಿನ ಕೆಲಸಗಾರರೆಲ್ಲ ಒಂದೆಡೆ ಸೇರುವುದರಿಂದ ಪುಸ್ತಕ ಅಲ್ಲಿಯೇ ತುಂಬಿತು. ದೊಡ್ಡ ತೋಟವೊಂದರ ಮಾಲೀಕರನ್ನು ಹೇಗೆ ಒಪ್ಪಿಸಿದೆವೆಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ. ಸೆಪ್ಟೆಂಬರ್ 28ರ ರೇಬೀಸ್ ದಿನದ ಆಸುಪಾಸಿನಲ್ಲಿ ಲಸಿಕೆ ಶಿಬಿರ ಇಟ್ಟೆವು. ಆಗ ಮಳೆಯ ಜೋರು ತಗ್ಗಿರುತ್ತದೆ, ಕಾಫಿ ಕೊಯ್ಲು ಇನ್ನೂ ಶುರುವಾಗಿರುವುದಿಲ್ಲ, ಜನರಿಗೆ ಪುರುಸೊತ್ತಿರುತ್ತದೆ. ಜುಲೈಯಲ್ಲಿ ಇಟ್ಟ ಶಿಬಿರಕ್ಕೆ ಬಂದದ್ದು ಹನ್ನೊಂದು ನಾಯಿ.

ಹಣದ ಮಾತು. ಬಿಲ್ಲೆಗೆ 18, ಬೆಲ್ಟಿಗೆ 45 ರೂಪಾಯಿಯಂತೆ ಸುಮಾರು 26,000 ಆಯಿತು. ಶಸ್ತ್ರಚಿಕಿತ್ಸೆಗೆ ಸಾಗಾಟವೂ ಸೇರಿ ನಾಯಿಗೆ 1,600ರಂತೆ ಎಪ್ಪತ್ತು ನಾಯಿಗಳಿಗೆ 1,12,000ದ ಹತ್ತಿರ. ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆಯಿಲ್ಲದ ಸಂಸ್ಥೆಗೆ ಈ ಕೆಲಸ ಕೊಡುವಂತಿಲ್ಲ. ಮಾನ್ಯತೆಯಿದ್ದವರು ಒಂದೇ ಪಂಚಾಯಿತಿಗಾಗಿ ಬರಲು ಒಪ್ಪದಿದ್ದಾಗ ನಾಲ್ಕು ಪಂಚಾಯಿತಿಗಳು ಕೂಡಿ ಕರೆಸಿದೆವು. ಸ್ವಂತ ನಿಧಿಯಿಂದ 60,000 ಹಾಕಿ, ಉಳಿದದ್ದನ್ನು ಬೆಳೆಗಾರರಿಂದಲೂ ಹೋಂಸ್ಟೇ ನಡೆಸುವವರಿಂದಲೂ ಸಂಗ್ರಹಿಸಿದೆವು. ಬೋನಿಗೆ ಬೀಳದೆ ಸತಾಯಿಸಿದ ಕೊನೆಯ ಆರು ಹೆಣ್ಣುನಾಯಿಗಳಿಗೆ ಒಡ್ಡಿದ ಆಮಿಷವೊಂದಿದೆ. ಅದು ನೀರಗಂಟಿಯ ಸ್ವಂತ ಉಪಾಯವಾದ್ದರಿಂದ, ಬೇಕಾದವರು ಬಂದು ಅವನನ್ನೇ ಕೇಳಬೇಕು.

ಇದರ ನಡುವೆ ಎರಡು ಪ್ರಯೋಗಗಳನ್ನೂ ಮಾಡಿದೆವು. ಬಿಡಾಡಿ ದನಗಳಿಗೆ ಹಳೆಯ ದೊಡ್ಡಿಯನ್ನು ರಿಪೇರಿ ಮಾಡಿಸಿದ್ದು ಸೋತಿತು. ಒಂಬತ್ತು ದಿನ ಯಾರೂ ಬಿಡಿಸಿಕೊಳ್ಳದ ಮೂರು ಹೋರಿಗಳ ಹುಲ್ಲಿನ ಖರ್ಚು ದಂಡದ ಮೊತ್ತವನ್ನು ಮೀರಿತು. ಬೆಲ್ಟಿಗೆ ಬೆಳಕು ಬಿದ್ದರೆ ಮಿನುಗುವ ಪಟ್ಟಿ ಹೊಲಿಸಿದ್ದು ಮಾತ್ರ ಚೆನ್ನಾಗಿ ಫಲಿಸಿತು. ತಿರುವಿನಲ್ಲಿ ಜೀಪಿಗೆ ಸಿಕ್ಕು ಸಾಯುವ ನಾಯಿಗಳು ಬಹಳ ಕಡಿಮೆಯಾದವು. ಆ ಪಟ್ಟಿಗಾಗಿಯೇ ಪುಸ್ತಕಕ್ಕೆ ಹೆಸರು ಬರೆಸಲು ಬಂದವರೂ ಇದ್ದಾರೆ.

ಕರಿಯನ ಬಿಲ್ಲೆಯ ಸಂಖ್ಯೆ 37. ನಾಯಿಯನ್ನು ಆ ಹೆಂಗಸೇ ತೋಟದ ಕಚೇರಿಗೆ ಹಗ್ಗ ಕಟ್ಟಿ ಎಳೆದುತಂದು ಬರೆಸಿದಳು. ನಿಲ್ದಾಣದಲ್ಲಿ ಉಳಿದಿರುವ ಏಳೆಂಟು ನಾಯಿಗಳಿಗೆ ನಿಜವಾಗಿಯೂ ಮನೆಯಿಲ್ಲ. ಶಸ್ತ್ರಚಿಕಿತ್ಸೆಯಾಗಿದೆ ಎಂಬುದಕ್ಕೆ ಅವುಗಳ ಕಿವಿಯ ತುದಿಗೆ ಗುರುತಾಗಿದೆ, ಆಹಾರ ಹಾಕಲು ಸಂತೆ ಮೈದಾನದ ಮೂಲೆಯೊಂದನ್ನು ಗೊತ್ತುಮಾಡಿದ್ದೇವೆ. ಡಿಸೆಂಬರಿನಲ್ಲಿ ಕೊಯ್ಲಿಗೆ ಬರುವ ಕುಟುಂಬಗಳ ಜೊತೆ ಬರುವ ನಾಯಿಗಳಿಗಾಗಿ ಐವತ್ತು ಬಿಲ್ಲೆಗಳನ್ನು ಈಗಲೇ ಹೊಡೆಸಿ ಇಟ್ಟಿದ್ದೇನೆ.