ಓಹಾಹುಗೆ ಹೊಸದಾಗಿ ಬಂದವರಿಗೆ: ಮೊದಲ ಸಲ ಬೀಚ್ ಪಾರ್ಕಿಗೆ ಹೋಗುವಾಗ

ರಜೆಗೆ ಮೈಸೂರಿಗೆ ಬಂದಿದ್ದೇನೆ. ನಿನ್ನೆ ಮಂಡ್ಯದಿಂದ ಒಂದು ಕುಟುಂಬ ಮನೆಗೆ ಬಂದಿತ್ತು, ಮುಂದಿನ ತಿಂಗಳು ಹವಾಯಿಯ ಓಹಾಹು ದ್ವೀಪದಲ್ಲಿರುವ ಹೊನೊಲುಲುಗೆ ಹೊರಟವರು. ಬಾಡಿಗೆ ಮನೆ, ಸ್ಕೂಲು ಎಲ್ಲ ಕೇಳಿ ಮುಗಿದ ಮೇಲೆ ಅವರ ಪುಟ್ಟ ಮಗಳು ಕೇಳಿದ್ದು ಒಂದೇ ಪ್ರಶ್ನೆ, ಸಮುದ್ರಕ್ಕೆ ಯಾವಾಗ ಹೋಗೋದು? ಅವಳ ಅಪ್ಪ ಅಮ್ಮನಿಗೆ ಹೇಳಿದ್ದನ್ನೇ ಅಲ್ಲಿನ ನಮ್ಮ ಸಂಘದ ಹೊಸಬರೆಲ್ಲರಿಗೂ ಬರೆಯುತ್ತಿದ್ದೇನೆ.

ಮೊದಲ ಸಲವೇ ವೈಕಿಕಿಯ ಜನಜಂಗುಳಿಗೆ ಹೋಗಬೇಡಿ. ಕಹಾಲಾದಲ್ಲಿರುವ ವೈಯಲಾಯ್ ಬೀಚ್ ಪಾರ್ಕ್ ಚಿಕ್ಕದು, ಚೊಕ್ಕವಾಗಿದೆ. ಹುಲ್ಲು, ನೆರಳು, ಶೌಚಾಲಯ, ಮರಳು ತೊಳೆದುಕೊಳ್ಳಲು ಶವರ್, ನಡುವೆ ಒಂದು ತೊರೆ, ಅದರ ಮೇಲೊಂದು ಸೇತುವೆ. ದುಡ್ಡು ಕೊಡಬೇಕಿಲ್ಲ. ಆದರೆ ಅಲ್ಲಿ ಲೈಫ್‌ಗಾರ್ಡ್ ಇಲ್ಲ, ನೀರಿನಡಿ ಹವಳದ ಕಲ್ಲು. ಹಾಗಾಗಿ ಮಕ್ಕಳು ಮೊಣಕಾಲುದ್ದ ನೀರಲ್ಲಿ ಆಡಲಿ, ಸಾಕು. ಈಜಲೇಬೇಕು ಅಂದರೆ ಲೈಫ್‌ಗಾರ್ಡ್ ಇರುವ ಆಲಾ ಮೊವಾನಾಕ್ಕೆ ಹೋಗಿ. ಮಳೆ ಬಂದು ನೀರು ಕಂದಾಗಿದ್ದರೆ ಇಳಿಯಲೇಬೇಡಿ, ತೊರೆಯ ನೀರಿನಿಂದ ಇಲಿಜ್ವರ ಬರಬಹುದು.

ನಾಲೆಯಲ್ಲಿ ಈಜಿ ಬೆಳೆದವರಿಗೆ ಇದನ್ನು ಒತ್ತಿ ಹೇಳಬೇಕು. ನಾಲೆಯ ನೀರು ಒಂದೇ ಕಡೆ ಹರಿಯುತ್ತದೆ, ಸಮುದ್ರ ಕೊಟ್ಟು ಎಳೆದುಕೊಳ್ಳುತ್ತದೆ. ನನ್ನ ಭಾವ ಒಳ್ಳೆ ಈಜುಗಾರರು. ಬಂದ ಮೊದಲ ವಾರ ಅಲೆಗೆ ಬೆನ್ನು ಕೊಟ್ಟು ಫೋಟೋಗೆ ನಿಂತಿದ್ದರು, ಸೊಂಟದೆತ್ತರದ ಒಂದು ಅಲೆ ಬಂದು ಕಾಲಡಿಯ ಮರಳನ್ನೇ ಎಳೆದುಬಿಟ್ಟಿತು, ಹವಳಕ್ಕೆ ತರಚಿದ ಮೊಣಕಾಲು ವಾಸಿಯಾಗಲು ಹದಿನೈದು ದಿನ ಬೇಕಾಯಿತು. ಸಮುದ್ರಕ್ಕೆ ಬೆನ್ನು ಹಾಕಬೇಡಿ. ಇಳಿಯೋ ಮುಂಚೆ ಕಾಲು ಗಂಟೆ ಸುಮ್ನೆ ಕೂತು ಅಲೆ ನೋಡಿ. ಚಳಿಗಾಲದಲ್ಲಿ ಉತ್ತರದ ತೀರದಲ್ಲಿ ಅಲೆ ತುಂಬಾ ದೊಡ್ಡದು, ಬೇಸಿಗೆಯಲ್ಲಿ ದಕ್ಷಿಣದ ಕಡೆ ಜಾಸ್ತಿ.

ಇನ್ನೊಂದು, ಊರಿಂದ ಒಂಟಿಕೊಪ್ಪಲ್ ಪಂಚಾಂಗ ತಂದಿರುತ್ತೀರಲ್ವಾ? ಹುಣ್ಣಿಮೆಯಾದ 8ರಿಂದ 10 ದಿನಕ್ಕೆ, ಅಂದರೆ ಬಹುಳ ಅಷ್ಟಮಿಯಿಂದ ದಶಮಿ ಸುಮಾರಿಗೆ, ದಕ್ಷಿಣದ ತೀರಗಳಿಗೆ ಬಾಕ್ಸ್ ಜೆಲ್ಲಿಫಿಶ್ (ಕುಟುಕುವ ಲೋಳೆಮೀನು) ಬರುತ್ತವೆ. ಹವಾಯಿ ನಮಗಿಂತ 15 ಗಂಟೆ 30 ನಿಮಿಷ ಹಿಂದೆ, ಹಾಗಾಗಿ ಪಂಚಾಂಗದ ತಿಥಿ ಅಲ್ಲಿ ಹಿಂದಿನ ತಾರೀಖಿಗೇ ಬರಬಹುದು, ಅದಕ್ಕೆ ಒಂದು ದಿನ ಮುಂಚಿನಿಂದಲೇ ಹುಷಾರಾಗಿರಿ. ಕುಟುಕಿದರೆ ಉಜ್ಜಬೇಡಿ, ವಿನೆಗರ್ ಸುರಿಯಿರಿ. ಒಂದು ಪುಟ್ಟ ಬಾಟಲಿ ಚೀಲದಲ್ಲೇ ಇರಲಿ.

ಆಕ್ಸಿಬೆಂಜೋನ್, ಆಕ್ಟಿನೋಕ್ಸೇಟ್ ಇರುವ ಸನ್‌ಸ್ಕ್ರೀನ್ ಮಾರಾಟ 2021ರಿಂದ ಅಲ್ಲಿ ನಿಷೇಧ, ಹವಳ ಹಾಳಾಗುತ್ತದೆ ಅಂತ. ಹಾಗಾಗಿ ಇಲ್ಲಿಂದ ಕ್ರೀಮ್ ಒಯ್ಯಬೇಡಿ, ಅಲ್ಲೇ ಜಿಂಕ್ ಇರುವುದನ್ನು ಕೊಳ್ಳಿ. ಆಮೆ ಕಂಡರೆ 10 ಅಡಿ, ಮಾಂಕ್ ಸೀಲ್ ಅನ್ನೋ ಕಡಲಪ್ರಾಣಿ ಮಲಗಿದ್ದರೆ 50 ಅಡಿ ದೂರ ನಿಲ್ಲಿ. ನೆನಪಿಗೆ ಅಂತ ಮಕ್ಕಳು ಬಾಟಲಿಗೆ ಮರಳು ತುಂಬಿಕೊಳ್ಳುತ್ತಾರೆ, ಅದು ಕಾನೂನು ಪ್ರಕಾರ ತಪ್ಪು. ಕಾರಲ್ಲಿ ಪರ್ಸು, ಪಾಸ್‌ಪೋರ್ಟ್ ಬಿಡಬೇಡಿ.

ಬುತ್ತಿಗೆ ಪುಳಿಯೋಗರೆ ಒಳ್ಳೆಯದು, ಬಿಸಿಲಿಗೆ ಮೊಸರನ್ನ ಹುಳಿ ಬರುತ್ತದೆ. ಡಬ್ಬಿ ತೆಗೆದ ತಕ್ಷಣ ಹಳದಿ ಕಾಲಿನ ಹಕ್ಕಿಯೊಂದು ಬೆಂಚಿನ ಕೆಳಗೆ ಕುಪ್ಪಳಿಸಿ ಬರುತ್ತದೆ. ಅದು ನಮ್ಮ ಗೊರವಂಕವೇ! 1865ರಲ್ಲಿ ಹುಳುಗಳ ಕಾಟ ತಡೆಯಲು ಭಾರತದಿಂದ ಅಲ್ಲಿಗೆ ಒಯ್ದರಂತೆ. ನನಗಂತೂ ಮೊದಲ ದಿನ ಅದನ್ನು ನೋಡಿ ಕಣ್ಣು ತುಂಬಿತ್ತು.

ಮಧ್ಯಾಹ್ನ ಗಾಳಿ ಜೋರಾಗುತ್ತದೆ, ಬೆಳಿಗ್ಗೆ ಏಳಕ್ಕೇ ಹೋಗಿ. ಬಂದ ಮೊದಲ ಶನಿವಾರಕ್ಕೆ ಸಂಘಕ್ಕೊಂದು ಮೆಸೇಜ್ ಹಾಕಿ, ಯಾರಾದರೊಬ್ಬರು ಜೊತೆಗೆ ಬರುತ್ತೇವೆ.