ತೋನ್ಸೆಪಾರಿನ ಬಂಡೆಗಳ ಮೇಲೆ, ಇಳಿತದ ಹೊತ್ತಿನಲ್ಲಿ

ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ, ಹಳಬರ ಬಾಯಲ್ಲಿ ತೋನ್ಸೆಪಾರಿಗೆ, ಮೊದಲ ಸಲ ಹೋದಾಗ ನೀರಿಗಿಳಿಯಲು ಬಿಡಲಿಲ್ಲವೆಂದು ಬೇಸರವಾಗಿತ್ತು. ಹವಾಯಿ ಚಪ್ಪಲಿಯಲ್ಲೇ ಬಂಡೆ ಹತ್ತಿದೆ. ಕಲ್ಲಿಗೆ ಕಚ್ಚಿಕೊಂಡಿದ್ದ ಸಿಂಪಿಯ ಅಂಚು ತಾಗಿ ಅಂಗಾಲು ಸೀಳಿತು. ಮೊದಲು ರಕ್ತ ಕಂಡಿತು, ನೋವು ಗೊತ್ತಾಗಿದ್ದು ಆಮೇಲೆ.

ಎರಡನೇ ಸಲ ಹೋಗಿದ್ದು ಜನವರಿಯಲ್ಲಿ. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ. ಈ ಸಲ ಮೊದಲು ವಿಚಾರಿಸಿದ್ದು ಇಳಿತದ ಹೊತ್ತು. ಅದು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಹಾಗಾಗಿ ನಿನ್ನೆಯ ಲೆಕ್ಕ ಇವತ್ತಿಗೆ ನಡೆಯುವುದಿಲ್ಲ. ಹನ್ನೊಂದೂವರೆಯ ಸುಮಾರಿಗೆ ನೀರು ಪೂರ್ತಿ ಇಳಿಯುವ ದಿನ ನೋಡಿಕೊಂಡು ಬೆಳಿಗ್ಗೆಯೇ ದೋಣಿ ಹತ್ತಿದೆ. ಇಳಿಯುವ ನೀರಿನ ಹಿಂದೆ ಹೋದರೆ ದಾರಿ ತೆರೆಯುತ್ತಾ ಹೋಗುತ್ತದೆ. ಏರುವಾಗ ಹೊರಟರೆ ನಾವು ಬಂದ ದಾರಿಯೇ ಮುಚ್ಚಿಕೊಳ್ಳುತ್ತದೆ.

ಕಾಲಿಗೆ ಹಳೇ ಕ್ಯಾನ್ವಾಸ್ ಬೂಟು ಹಾಕಿದ್ದೆ. ದೋಣಿಯವರು ಅದನ್ನು ನೋಡಿ, "ಬೂಟು ಸಾಕಾಗುದಿಲ್ಲ ಮಾರಾಯ್ರೆ, ಹಸಿರು ಕಂಡಲ್ಲಿ ಕಾಲಿಡ್ಬೇಡಿ. ಒಣಗಿದ ಕಲ್ಲು ನೋಡಿಯೇ ಹೋಗಿ" ಎಂದರು. ಅವರ ಮಾತು ನೂರಕ್ಕೆ ನೂರು ನಿಜ. ಪಾಚಿಯ ಮೇಲೆ ಯಾವ ಬೂಟೂ ನಿಲ್ಲುವುದಿಲ್ಲ.

ಇಲ್ಲಿನ ಕಲ್ಲು ನಿಂತಿರುವುದೇ ಕಂಬಗಳಾಗಿ. ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಹೊರಚಿಮ್ಮಿದ ಲಾವಾ ಆರುತ್ತಾ ಕುಗ್ಗಿ, ಕೆರೆಯ ಕೆಸರು ಒಣಗಿ ಬಿರಿಯುವ ಹಾಗೆ ಬಿರುಕು ಬಿಟ್ಟಿತು. ಬಿರುಕು ಆಳಕ್ಕಿಳಿದಂತೆ ಕಂಬಗಳಾದವು. ಎಲ್ಲವೂ ಆರು ಮೂಲೆಯವು ಅನ್ನುತ್ತಾರೆ. ಬೆರಳಿಟ್ಟು ಎಣಿಸಿದೆ, ಐದರವೂ ಏಳರವೂ ಸಿಕ್ಕವು.

ಈಜು ಯಾಕೆ ಬೇಡವೆಂಬುದೂ ಅಲ್ಲೇ ಅರ್ಥವಾಯಿತು. ಕಂಬಗಳ ಸಂದಿಗೆ ನುಗ್ಗಿದ ಅಲೆ ವಾಪಸು ಹೋಗುವಾಗ ಎಲ್ಲವನ್ನೂ ಎಳೆದುಕೊಂಡೇ ಹೋಗುತ್ತದೆ. ಹಿಡಿದುಕೊಳ್ಳಲು ಸಿಗುವುದು ಸಿಂಪಿಯ ಅಂಚು ಮಾತ್ರ. ಅಂಗಾಲು ಸೀಳಿಸಿಕೊಂಡ ನನಗೆ ಆ ನಿಷೇಧ ಪೂರ್ತಿ ಸರಿ ಅನಿಸಿತು.

ಹೆಚ್ಚು ಹೊತ್ತು ಕುಳಿತದ್ದು ಒಂದು ಗುಳಿಯ ಬಳಿ. ಮುರಿದ ಕಂಬದ ತಲೆಯ ಮೇಲೆ ಊಟದ ತಟ್ಟೆಯಷ್ಟೇ ಅಗಲದ ನೀರು. ನನ್ನ ನೆರಳು ಬಿದ್ದೊಡನೆ ಅದರಲ್ಲಿದ್ದ ಜೀವಿಗಳೆಲ್ಲ ಅಡಗಿಕೊಂಡವು. ನೆರಳು ಸರಿಸಿ ಅಲುಗದೆ ಕೂತೆ. ಐದು ನಿಮಿಷದ ಮೇಲೆ ಉಗುರಿನಷ್ಟು ದೊಡ್ಡ ಏಡಿಯೊಂದು ಬಿರುಕಿನಿಂದ ಹೊರಬಂದು, ಎರಡೂ ಚಿಮಟಗಳಿಂದ ಕಲ್ಲಿನ ಪಾಚಿ ಕೆರೆದು ಬಾಯಿಗಿಡತೊಡಗಿತು. ಎಡಗೈ, ಬಲಗೈ, ಎಡಗೈ.

ಹನ್ನೆರಡೂಕಾಲಕ್ಕೆ ಗುಳಿಯ ಅಂಚು ದಾಟಿ ತೆಳ್ಳಗೆ ಒಂದು ಅಲೆ ಬಂತು. ನಾನು ಎದ್ದೆ.